ಕಲ್ಲನ್ನು ಓದುವ ವಿದ್ಯಾರ್ಥಿ



ಪದವಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರ ಮುಂದೆ ಈಗಾಗಲೇ ಇದೆ. ಉಳಿದವರ ಮುಂದೆ ಇಷ್ಟರಲ್ಲೇ ಬರಲಿದೆ. ವೈದ್ಯರಾಗುತ್ತೇವೆ, ಎಂಜಿನಿಯರಾಗುತ್ತೇವೆ, ಮೇಷ್ಟರಾಗುತ್ತೇವೆ ಎಂಬ ಉತ್ತರಗಳನ್ನು ನಾವು ಕೇಳಿಯೇ ಇರುತ್ತೇವೆ. 'ಹಳೆಯ ಗುಡಿ, ಶಾಸನ, ವೀರಗಲ್ಲುಗಳನ್ನು ಉಳಿಸುವ ವಿದ್ಯೆ ಕಲಿಯುತ್ತೇನೆ' ಎನ್ನುವವರು ಅಪರೂಪ. ಹಾಗೆ ಹೊರಟವರಿಗೆ ಎರಡು ಪ್ರಶ್ನೆಗಳು ಕಾದಿರುತ್ತವೆ. ಮನೆಯವರು ಕೇಳುತ್ತಾರೆ: 'ಅದರಿಂದ ಹೊಟ್ಟೆ ತುಂಬುತ್ತದೆಯೇ?' ಹಳ್ಳಿಯವರು ಕೇಳುತ್ತಾರೆ: 'ನಿಧಿ ಹುಡುಕಲು ಬಂದಿರೇನು?' ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಅಥವಾ ವಿದ್ಯಾರ್ಥಿನಿಯೊಬ್ಬಳ ಬದುಕು ಈ ಎರಡು ಪ್ರಶ್ನೆಗಳ ನಡುವೆ ಹೇಗೆ ಸಾಗುತ್ತದೆ ಎಂಬುದನ್ನು ಇಂದು ನಿಮಗೆ ತಿಳಿಸಬೇಕೆಂದಿದ್ದೇನೆ. ಅದಕ್ಕಾಗಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲೂಕುಗಳನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ.

ಈ ಎರಡು ತಾಲೂಕುಗಳೇ ಏಕೆ? ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಈ ನೆಲ ಕದಂಬರ ಬನವಾಸಿಗೆ ಅಂಟಿಕೊಂಡಿದೆ. ಇಲ್ಲಿ ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಊರ ಮುಂದಿನ ಕಟ್ಟೆಯಲ್ಲಿ, ಶಾಲೆಯ ಅಂಗಳದಲ್ಲಿ ಬರಹವಿರುವ ಕಲ್ಲುಗಳು ನಿಂತಿವೆ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಪ್ರಕಟಿಸಿದಾಗ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲೂ, ಸೊರಬದವು 1904ರ ಎಂಟನೆಯ ಸಂಪುಟದಲ್ಲೂ ಬಂದವು. ಒಂದೊಂದು ತಾಲೂಕಿನಲ್ಲಿಯೂ ನೂರಾರು ಶಾಸನಗಳು. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಅವರು ಮೊದಲು ವಿದ್ಯಾ ಇಲಾಖೆಯಲ್ಲಿದ್ದವರು. ಶಾಲೆಗಳನ್ನು ನೋಡಲು ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಲುಗಳೇ ಮುಂದೆ ಅವರ ಜೀವಮಾನದ ಕೆಲಸವಾದವು. ಇಂದಿಗೂ ಸಂಶೋಧನಾ ವಿದ್ಯಾರ್ಥಿ ಮೊದಲು ಕೈಗೆತ್ತಿಕೊಳ್ಳುವುದು ಆ ಸಂಪುಟಗಳನ್ನೇ. ನಮ್ಮ ಪ್ರಬಂಧಗಳಲ್ಲಿ 'ಶಿಕಾರಿಪುರ 176' ಎಂದಷ್ಟೇ ಬರೆದರೆ, ಬಲ್ಲವರಿಗೆ ಅದು ತಾಳಗುಂದದ ಕಂಬ ಎಂದು ಗೊತ್ತಾಗುತ್ತದೆ.

ತಾಳಗುಂದದಿಂದಲೇ ಆರಂಭಿಸೋಣ. ಶಿರಾಳಕೊಪ್ಪದ ಸಮೀಪದ ಈ ಸಣ್ಣ ಊರಿನ ಹಳೆಯ ಹೆಸರು ಸ್ಥಾನಕುಂದೂರು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ಎಂಟು ಮುಖಗಳ ಒಂದು ಕಂಬವಿದೆ. ಅದರ ಮೇಲಿನ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜನೆಂಬ ಕವಿ. ಅದನ್ನು ಬರೆಸಿದವನು ಐದನೆಯ ಶತಮಾನದ ಕದಂಬ ದೊರೆ ಶಾಂತಿವರ್ಮ. ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಹರಿಯುತ್ತವೆ. ಹಾಗಾಗಿ ಅದನ್ನು ಓದಬೇಕಾದವನು ಕತ್ತನ್ನು ಪಕ್ಕಕ್ಕೆ ವಾಲಿಸಿಕೊಂಡೇ ನಿಲ್ಲಬೇಕು! 1894ರಲ್ಲಿ ರೈಸ್ ಅವರಿಂದ ಬೆಳಕಿಗೆ ಬಂದ ಈ ಶಾಸನ ಇಲ್ಲದೇ ಹೋಗಿದ್ದರೆ ಕದಂಬರ ಮೂಲದ ಕಥೆ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಆ ಕಥೆ ಮುಖ್ಯವಾಗಿ ಒಬ್ಬ ವಿದ್ಯಾರ್ಥಿಯ ಕಥೆ ಎಂಬುದನ್ನು ನೀವು ಗಮನಿಸಬೇಕು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ವ್ಯಾಸಂಗಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಅಶ್ವದಳದವರೊಂದಿಗೆ ಕಲಹವಾಯಿತು. ಅವಮಾನಗೊಂಡ ವಿದ್ಯಾರ್ಥಿ ಓದನ್ನು ಬಿಟ್ಟು ಕತ್ತಿ ಹಿಡಿದನು, ರಾಜ್ಯ ಕಟ್ಟಿದನು. ಊರು ಬಿಟ್ಟು ದೂರದ ವಿದ್ಯಾಕೇಂದ್ರಕ್ಕೆ ಹೋಗುವುದು, ಅಲ್ಲಿ ಪರಕೀಯನಾಗಿ ನಿಲ್ಲುವುದು ಇಂದಿನ ವಿದ್ಯಾರ್ಥಿಗೂ ಅಪರಿಚಿತವಲ್ಲ.

ಇದೇ ದೇವಾಲಯದ ಆವರಣದಲ್ಲಿ 2013ರ ಸುಮಾರಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಸಿಂಹದ ಆಕೃತಿಯುಳ್ಳ ಕಟಾಂಜನದ ಕಲ್ಲೊಂದು ದೊರೆಯಿತು. ಅದರ ಮೇಲೆ ಕನ್ನಡ ಬರಹವಿದೆಯೆಂದೂ, ಅದು ಕ್ರಿ.ಶ. 370ರ ಸುಮಾರಿನದೆಂದೂ ಇಲಾಖೆಯ ವಿದ್ವಾಂಸರು ಅಭಿಪ್ರಾಯಪಟ್ಟರು. ಅದುವರೆಗೆ ಸುಮಾರು 450ರ ಹಲ್ಮಿಡಿ ಶಾಸನವನ್ನೇ ಕನ್ನಡದ ಮೊದಲ ಶಾಸನವೆಂದು ನಾವು ಪಠ್ಯಪುಸ್ತಕಗಳಲ್ಲಿ ಓದುತ್ತಿದ್ದೆವು. ಹೊಸ ಶೋಧದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಇರಬೇಕಾದದ್ದೇ. ಆದರೆ ಒಂದು ಮಾತು ನಿಜ. ನೂರು ವರ್ಷಗಳಿಗೂ ಹೆಚ್ಚು ಕಾಲ ವಿದ್ವಾಂಸರು ಓಡಾಡಿದ ಸ್ಥಳದಲ್ಲಿಯೇ, ಅವರ ಕಾಲಡಿಯಲ್ಲಿಯೇ, ಆ ಕಲ್ಲು ಮಲಗಿತ್ತು. ಯಾರಾದರೂ ಅದಕ್ಕೂ ಮೊದಲು ಅಲ್ಲಿ ಯಂತ್ರ ತಂದು ನೆಲ ಅಗೆದು ಕಾಂಕ್ರೀಟ್ ಹಾಸಿದ್ದರೆ? ಸ್ಮಾರಕ ಸಂರಕ್ಷಣೆ ಎಂದರೆ ನಮಗೆ ಗೊತ್ತಿರುವುದನ್ನು ಉಳಿಸುವುದಷ್ಟೇ ಅಲ್ಲ. ನಮಗಿನ್ನೂ ಗೊತ್ತಿಲ್ಲದ್ದನ್ನೂ ಉಳಿಸುವುದು.

ಇನ್ನು ವಿದ್ಯಾರ್ಥಿಯ ದಿನಚರಿಗೆ ಬರೋಣ. ಎಂ.ಎ. ತರಗತಿಯಲ್ಲಿ ಆತ ಲಿಪಿಶಾಸ್ತ್ರ ಕಲಿಯುತ್ತಾನೆ. ಬ್ರಾಹ್ಮಿಯಿಂದ ಕದಂಬ ಲಿಪಿ, ಅಲ್ಲಿಂದ ಚಾಲುಕ್ಯರ ಕಾಲದ ದುಂಡನೆಯ ಅಕ್ಷರಗಳು, ಕೊನೆಗೆ ನಾವಿಂದು ಬರೆಯುವ ಕನ್ನಡ. ಒಂದೊಂದು ಅಕ್ಷರವನ್ನೂ ಮತ್ತೆ ಮತ್ತೆ ತಿದ್ದಬೇಕು, ಒಂದನೆಯ ತರಗತಿಯ ಮಗುವಿನ ಹಾಗೆ. ಹಳಗನ್ನಡದ ವ್ಯಾಕರಣ ಬೇಕು, ಒಂದಿಷ್ಟು ಸಂಸ್ಕೃತ ಬೇಕು. ಶಿಕಾರಿಪುರ ತಾಲೂಕಿನ ಮಳವಳ್ಳಿಯ ಕಂಬವನ್ನು ಓದಬೇಕಾದರೆ ಪ್ರಾಕೃತವೂ ಬೇಕು. ಇದು ಗ್ರಂಥಾಲಯದ ಪಾಠ.

ಕ್ಷೇತ್ರಕಾರ್ಯದ ಪಾಠವೇ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಸೊರಬದ ಕಡೆ ಕಲ್ಲುಗಳ ಮೇಲೆ ಪಾಚಿ, ಸುತ್ತ ಆಳೆತ್ತರದ ಹುಲ್ಲು, ಕಾಲ ಕೆಳಗೆ ಜಿಗಣೆ. ಆದ್ದರಿಂದ ಮುಖ್ಯ ಕೆಲಸವೆಲ್ಲ ಮಳೆ ನಿಂತ ಮೇಲೆ, ಬೇಸಿಗೆಯವರೆಗೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು, ಏಕೆಂದರೆ ಸವೆದ ಅಕ್ಷರಗಳು ಕಾಣಿಸುವುದು ಬಿಸಿಲು ಓರೆಯಾಗಿ ಬೀಳುವ ಬೆಳಗಿನಲ್ಲಿ ಮತ್ತು ಸಂಜೆಯಲ್ಲಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಬರೀ ಕಲ್ಲು. ಸಂಜೆಯ ಬೆಳಕಿಗಾಗಿ ಕಾದರೆ ಊರಿಗೆ ಮರಳುವ ಕೊನೆಯ ಬಸ್ಸು ತಪ್ಪುವ ಭಯ. ವಿದ್ಯಾರ್ಥಿನಿಯರಿಗಂತೂ ಇದು ನಿತ್ಯದ ಲೆಕ್ಕಾಚಾರ. ಚೀಲದಲ್ಲಿ ಅಳತೆಪಟ್ಟಿ, ಮೆದುವಾದ ಬ್ರಷ್ಷು, ನೀರಿನ ಬಾಟಲಿ, ಟಾರ್ಚು, ನೋಟ್ ಪುಸ್ತಕ, ಒಂದು ಡಬ್ಬಿ ಬುತ್ತಿ.

ಪಡಿಯಚ್ಚು ತೆಗೆಯುವ ಕ್ರಮವನ್ನು ನೀವು ಒಮ್ಮೆಯಾದರೂ ನೋಡಬೇಕು. ಕಲ್ಲನ್ನು ನೀರಿನಿಂದ ಮೆಲ್ಲಗೆ ತೊಳೆದು, ಅದರ ಮೇಲೆ ಒದ್ದೆ ಕಾಗದವನ್ನು ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಅಕ್ಷರಗಳ ತಗ್ಗಿನೊಳಗೆ ಇಳಿಯುತ್ತದೆ. ಅನಂತರ ಬಟ್ಟೆಯ ಉಂಡೆಗೆ ಮಸಿ ಹಚ್ಚಿಕೊಂಡು ಮೇಲ್ಮೈಯನ್ನು ಒತ್ತುತ್ತಾ ಹೋದರೆ ಕಲ್ಲಿನ ಬಯಲೆಲ್ಲ ಕಪ್ಪಾಗಿ, ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ಒಣಗಿದ ಮೇಲೆ ಕಾಗದವನ್ನು ಬಿಡಿಸಿಕೊಂಡರೆ ಕಲ್ಲಿನ ಮಾತು ನಮ್ಮ ಕೈಯಲ್ಲಿ. ಸಂರಕ್ಷಿತ ಸ್ಮಾರಕಗಳಲ್ಲಿ ಇದಕ್ಕೆ ಇಲಾಖೆಯ ಅನುಮತಿ ಬೇಕು. ಇತ್ತೀಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯಂತಹ ಸಂಸ್ಥೆಗಳು ಕಲ್ಲನ್ನು ಮುಟ್ಟದೆಯೇ ಮೂರು ಆಯಾಮಗಳ ಸ್ಕ್ಯಾನ್ ಮಾಡಿ ಶಾಸನಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುತ್ತಿವೆ. ವಿಧಾನ ಯಾವುದಾದರೂ ಆಗಲಿ, ಕಲ್ಲಿಗೆ ನೋವಾಗಬಾರದು ಎಂಬುದು ಮೊದಲ ನಿಯಮ.

ಈಗ ಹಳ್ಳಿಯವರ ಪ್ರಶ್ನೆ. ಹೊರಗಿನವರೊಬ್ಬರು ಬಂದು ಕಲ್ಲಿನ ಬುಡದಲ್ಲಿ ಮಂಡಿಯೂರಿ ಕುಳಿತರೆ ಊರವರಿಗೆ ಅನುಮಾನ ಬರುವುದು ಸಹಜ. ನಿಧಿಯಾಸೆಗೆ ಗುಡಿಗಳ ಗರ್ಭಗೃಹವನ್ನು ಅಗೆದವರ, ವೀರಗಲ್ಲು ಕಿತ್ತವರ ಸುದ್ದಿಯನ್ನು ಅವರು ಕೇಳಿರುತ್ತಾರೆ. 'ಎಂತಕ್ಕೆ ಬಂದಿದ್ದು ತಮ್ಮಾ? ಅದರಲ್ಲಿ ಎಂತ ಬರೆದೈತೆ?' ಎಂದು ಅಜ್ಜನೊಬ್ಬ ಕೇಳಿದಾಗ, 'ಅದು ನಿಮಗೆ ತಿಳಿಯುವುದಿಲ್ಲ ಅಜ್ಜ' ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಕುಳಿತು ಓದಿ ಹೇಳಿದರೆ ಮಾತು ಬೇರೆಯಾಗುತ್ತದೆ.

ಉದಾಹರಣೆಗೆ ವೀರಗಲ್ಲನ್ನೇ ತೆಗೆದುಕೊಳ್ಳಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಶಿವನ ಸನ್ನಿಧಿ. ಇದು ಸಾಮಾನ್ಯ ವಿನ್ಯಾಸ. ಬರಹದಲ್ಲಿ 'ತುರುಗೋಳ್' ಎಂದಿದ್ದರೆ ಅವನು ಸತ್ತದ್ದು ಹಸುಗಳನ್ನು ಹೊಡೆದುಕೊಂಡು ಹೋದ ಸಂದರ್ಭದ ಕಾಳಗದಲ್ಲಿ. 'ಪೆಣ್ಬುಯ್ಯಲ್' ಎಂದಿದ್ದರೆ ಆಪತ್ತಿಗೆ ಸಿಕ್ಕಿದ ಹೆಂಗಸರ ಮೊರೆ ಕೇಳಿ ಓಡಿಬಂದು ಮಡಿದವನು ಅವನು. ಅರಸರಲ್ಲ, ಮಂತ್ರಿಗಳಲ್ಲ, ಊರಿನ ದನ ಕಾಯುವವರು, ಗೌಡರು, ಆಳುಗಳು. ಇಂಥವರ ಹೆಸರನ್ನು ನಮ್ಮ ಪಠ್ಯಪುಸ್ತಕ ಹೇಳುವುದಿಲ್ಲ. ಹೇಳುವುದು ಆ ಕಲ್ಲೊಂದೇ. ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯಲು, ಕಾಲುವೆ ದಾಟಲು ಇಂತಹ ಕಲ್ಲುಗಳನ್ನು ಬಳಸಿದ್ದುಂಟು. ಇದನ್ನು ಅಪರಾಧವೆಂದು ಬೈಯುವ ಮೊದಲು, ಅದರ ಮೇಲೆ ಏನಿದೆಯೆಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ನಾವು ಕೇಳಿಕೊಳ್ಳಬೇಕು. ತಮ್ಮ ಊರಿನ ದನಗಳಿಗಾಗಿ ಪ್ರಾಣ ಕೊಟ್ಟವನ ಹೆಸರು ಅದರಲ್ಲಿದೆ ಎಂದು ತಿಳಿದ ಮೇಲೆ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಯಾರಿಗೂ ಮನಸ್ಸು ಬಾರದು.

ಹಾಗೆಯೇ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ಆಕೆಗೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನ ದೊರೆಯಿತು. ಆಕೆ ಸಮರ್ಥವಾಗಿ ಆಡಳಿತ ನಡೆಸಿದಳೆಂದೂ, ಕೊನೆಗೆ ರೋಗಕ್ಕೆ ತುತ್ತಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಜೈನ ಸಂಪ್ರದಾಯದಂತೆ ವ್ರತವಿಡಿದು ದೇಹ ಬಿಟ್ಟಳೆಂದೂ ಶಾಸನ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆ ಹೆಣ್ಣುಮಗಳೊಬ್ಬಳು ಎಪ್ಪತ್ತು ಊರುಗಳ ನಾಡನ್ನು ಆಳಿದ ಸಂಗತಿ ಇಂದಿನ ಶಿಕಾರಿಪುರ, ಸೊರಬದ ಹುಡುಗಿಯರಿಗೆ ತಿಳಿಯಬೇಡವೇ?

ಇನ್ನು ಬಳ್ಳಿಗಾವಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚಾಸಿರದ ರಾಜಧಾನಿ. ಶೈವ, ವೈಷ್ಣವ, ಜೈನ, ಬೌದ್ಧ ಮತಗಳಿಗೆಲ್ಲ ಇಲ್ಲಿ ನೆಲೆಗಳಿದ್ದವು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳೂ, 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಇಂದಿಗೂ ಇವೆ. ವಿದ್ಯಾರ್ಥಿಯಾದವನು ಅಲ್ಲಿ ತಪ್ಪದೆ ಕೇಳಿಕೊಳ್ಳಬೇಕಾದದ್ದು ಕೋಡಿಮಠದ 1162ರ ಶಾಸನದ ಮಾತು. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಆರು ದರ್ಶನಗಳು, ಕಾವ್ಯ, ನಾಟಕ ಇವೆಲ್ಲವನ್ನೂ ಕಲಿಸುತ್ತಿದ್ದ ಸ್ಥಳ ಅದು ಎಂದು ಆ ಶಾಸನ ಪಟ್ಟಿ ಮಾಡುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು ಬಂದರೆ ಅವರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ. ಓದಿನ ಮನೆಯಲ್ಲಿಯೇ ಊಟದ ಮನೆ, ಅದರ ಜೊತೆಗೇ ಆಸ್ಪತ್ರೆ. ವಿದ್ಯೆ ಎಂದರೆ ಸುತ್ತಲಿನ ಜನರಿಗೆ ಬೆನ್ನು ತಿರುಗಿಸಿ ಕೂರುವುದಲ್ಲ ಎಂದು ಆ ಕಲ್ಲು ನಮಗೆ ಇಂದಿಗೂ ಪಾಠ ಹೇಳುತ್ತಿದೆ.

ಸಂರಕ್ಷಣೆಯಲ್ಲಿ ನಿಜವಾದ ಇಕ್ಕಟ್ಟು ಬರುವುದು ಪೂಜೆ ನಡೆಯುತ್ತಿರುವ ಹಳ್ಳಿಯ ಗುಡಿಗಳಲ್ಲಿ. ಮಾಡು ಸೋರುತ್ತಿದೆ, ಗೋಡೆ ಬಿರುಕು ಬಿಟ್ಟಿದೆ. ಊರವರು ಹಣ ಕೂಡಿಸಿ ಜೀರ್ಣೋದ್ಧಾರಕ್ಕೆ ಹೊರಡುತ್ತಾರೆ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಆಗುವುದೇನು? ಹಳೆಯ ಗುಡಿಯನ್ನು ಬಿಚ್ಚಿ ಹೊಸದಾಗಿ ಸಿಮೆಂಟಿನ ಕಟ್ಟಡ ಏಳುತ್ತದೆ, ಇಲ್ಲವೇ ಕಂಬಗಳ ಮೇಲೆ ಎಣ್ಣೆಬಣ್ಣ ಬೀಳುತ್ತದೆ, ಶಾಸನದ ಕಲ್ಲು ಮೆಟ್ಟಿಲಾಗುತ್ತದೆ. ಇಲ್ಲಿ ವಿದ್ಯಾರ್ಥಿ 'ಮುಟ್ಟಬೇಡಿ' ಎಂದಷ್ಟೇ ಹೇಳಿದರೆ ಸಾಲದು. ಏಕೆ ಬೇಡ, ಬದಲಿಗೆ ಏನು ಮಾಡಬಹುದು ಎಂದು ವಿವರಿಸಬೇಕು. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ, ಲವಣಗಳು ಕಲ್ಲಿನ ಮೇಲ್ಮೈಯನ್ನು ಪದರ ಪದರವಾಗಿ ಉದುರಿಸುತ್ತವೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ. ಬಳಪದ ಕಲ್ಲು ಮೃದುವಾದದ್ದು. ತಂತಿ ಬ್ರಷ್ಷಿನಿಂದ ಉಜ್ಜಿದರೆ, ಆಮ್ಲ ಹಾಕಿ ತೊಳೆದರೆ ಶಿಲ್ಪಿಯ ಉಳಿಯ ಗೆರೆಗಳೇ ಅಳಿಸಿಹೋಗುತ್ತವೆ. ಮಾಡಿನ ಮೇಲೆ ಬೆಳೆದ ಅರಳಿ ಸಸಿಯನ್ನು ಚಿಕ್ಕದಿರುವಾಗಲೇ ತೆಗೆಸಿ, ಸುತ್ತಲಿನ ಮಳೆನೀರು ಸರಾಗವಾಗಿ ಹರಿದುಹೋಗುವಂತೆ ಚರಂಡಿ ಮಾಡಿಸಿದರೆ ಅರ್ಧ ಸಂರಕ್ಷಣೆ ಆದಂತೆಯೇ. 1964ರ ವೆನಿಸ್ ಸನ್ನದು ಎಂಬ ಅಂತಾರಾಷ್ಟ್ರೀಯ ನಿಯಮಾವಳಿಯೂ ಸಾರುವ ಮುಖ್ಯ ತತ್ವವೊಂದಿದೆ: ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಗೆ ದುರಸ್ತಿ ನಿಲ್ಲಬೇಕು.

ಕಾನೂನಿನ ಬೆಂಬಲವೂ ಇದೆ. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆ, ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯಿದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಬಳ್ಳಿಗಾವಿಯ ಕೇದಾರೇಶ್ವರ, ಸೊರಬ ತಾಲೂಕಿನ ಕುಪ್ಪಟೂರಿನ ಕೈಟಭೇಶ್ವರದಂತಹ ದೇವಾಲಯಗಳಿಗೆ ಕಾವಲಿದೆ, ಬೇಲಿಯಿದೆ. ಆದರೆ ಗದ್ದೆಯ ಬದುವಿನ ವೀರಗಲ್ಲಿಗೆ ಕಾವಲುಗಾರನಿಲ್ಲ. ಅದನ್ನು ಕಿತ್ತು ತಂದು ದೂರದ ವಸ್ತುಸಂಗ್ರಹಾಲಯದಲ್ಲಿ ಇಡೋಣವೆಂದರೆ, ಕಾಳಗ ನಡೆದ ಜಾಗಕ್ಕೂ ಕಲ್ಲಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಕೆಲವೊಮ್ಮೆ ಬೇರೆ ದಾರಿಯಿಲ್ಲದೆ ಹಾಗೆ ಮಾಡಬೇಕಾಗುತ್ತದೆ. ಆದರೆ ಸಾವಿರಾರು ಕಲ್ಲುಗಳಿಗೆ ನಿಜವಾದ ಕಾವಲುಗಾರರು ಆಯಾ ಊರಿನ ಜನರೇ. ಆ ಕಾವಲು ಹುಟ್ಟುವುದು ತಿಳಿವಳಿಕೆಯಿಂದ. ಹಾಗಾಗಿ ಕಲ್ಲಿನಲ್ಲಿರುವುದನ್ನು ಓದಿ, ಅದನ್ನು ಆ ಊರಿಗೇ ಮರಳಿ ಒಪ್ಪಿಸುವುದು ಈ ವಿದ್ಯಾರ್ಥಿಯ ಮೊದಲ ಕರ್ತವ್ಯ. ಪಿಎಚ್.ಡಿ. ಪ್ರಬಂಧ ವಿಶ್ವವಿದ್ಯಾನಿಲಯದ ಕಪಾಟು ಸೇರುತ್ತದೆ. ಊರ ಶಾಲೆಯ ಗೋಡೆಯ ಮೇಲೆ ಸರಳ ಕನ್ನಡದಲ್ಲಿ ಬರೆದು ತೂಗುಹಾಕಿದ ಒಂದು ಹಾಳೆ ಕಲ್ಲನ್ನು ಉಳಿಸುತ್ತದೆ.

ಮನೆಯವರ ಪ್ರಶ್ನೆಗೆ ಇನ್ನೂ ಉತ್ತರ ಹೇಳಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಈ ಕ್ಷೇತ್ರದಲ್ಲಿ ಹುದ್ದೆಗಳು ಕಡಿಮೆ, ಕಾಯುವ ಕಾಲ ದೀರ್ಘ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಸಂಶೋಧನೆಯ ವರ್ಷಗಳು ಸಲೀಸು. ಸಿಗದಿದ್ದರೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ರಜೆಯ ದಿನಗಳಲ್ಲಿ ಕಲ್ಲು ಹುಡುಕಬೇಕು. ಆದರೆ ದಾರಿಗಳು ಇಲ್ಲವೆಂದಲ್ಲ. ಮೈಸೂರು, ಧಾರವಾಡದ ವಿಶ್ವವಿದ್ಯಾನಿಲಯಗಳಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಅಧ್ಯಯನಕ್ಕೆ ಅವಕಾಶವಿದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿಯೂ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿಯೂ ಮೈಸೂರಿನಲ್ಲಿಯೇ ಇವೆ. ಇತಿಹಾಸ ಓದಿದವರಿಗೆ ಮಾತ್ರ ಈ ಕೆಲಸ ಎಂದು ತಿಳಿಯಬೇಡಿ. ಕಲ್ಲಿನ ಕ್ಷಯವನ್ನು ಅರಿಯಲು ರಸಾಯನಶಾಸ್ತ್ರ ಬಲ್ಲವರು ಬೇಕು. ವಾಲಿದ ಗೋಡೆಯನ್ನು ನಿಲ್ಲಿಸಲು ಎಂಜಿನಿಯರ್ ಬೇಕು. ಗೋಪುರದ ಮೇಲಿನ ಗಿಡದ ಬೇರನ್ನು ಅರಿಯಲು ಸಸ್ಯಶಾಸ್ತ್ರ ಬೇಕು. ಸವೆದ ಅಕ್ಷರವನ್ನು ತೆರೆಯ ಮೇಲೆ ಮೂಡಿಸಲು ಕಂಪ್ಯೂಟರ್ ಬಲ್ಲವರು ಬೇಕು. ಸೊರಬ, ಸಾಗರಗಳಲ್ಲಿ ಗಂಧದ ಕೆತ್ತನೆ ಮಾಡುತ್ತಾ ಬಂದಿರುವ ಗುಡಿಗಾರ ಕುಶಲಕರ್ಮಿಗಳಂತಹವರಿಂದಲೂ ನಮ್ಮ ವಿದ್ಯಾರ್ಥಿಗಳು ಕಲಿಯುವುದಿದೆ. ಉಳಿಯ ಗೆರೆಯನ್ನು ಓದುವುದು ಉಳಿ ಹಿಡಿದವರಿಗೇ ಚೆನ್ನಾಗಿ ಗೊತ್ತು.

ನೀವು ಈ ದಾರಿ ಹಿಡಿಯಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾವ ಓದನ್ನು ಆರಿಸಿಕೊಂಡರೂ ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಲ್ಲಿ ಬರಹವಿರುವ ಕಲ್ಲುಗಳು ಎಷ್ಟಿವೆ ಎಂದು ಹಿರಿಯರನ್ನು ಕೇಳಿ ಪಟ್ಟಿ ಮಾಡಿ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದಿಡಿ. ಸೀಮೆಸುಣ್ಣ, ಅರಿಶಿನ, ಬಣ್ಣ ಯಾವುದನ್ನೂ ಹಚ್ಚಬೇಡಿ. ಕಲ್ಲನ್ನು ಎತ್ತಬೇಡಿ, ಬುಡವನ್ನು ಕೆದಕಬೇಡಿ. ಕಾಲೇಜಿನ ಗ್ರಂಥಾಲಯದಲ್ಲಿ ನಿಮ್ಮ ಜಿಲ್ಲೆಯ ಶಾಸನ ಸಂಪುಟವನ್ನು ಕೇಳಿ ಪಡೆದು, ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಇದ್ದರೆ ಅದರ ಸಾರಾಂಶವನ್ನು ಶಾಲೆಯಲ್ಲಿ ಓದಿ ಹೇಳಿ. ಇಲ್ಲದಿದ್ದರೆ ನಿಮ್ಮ ಇತಿಹಾಸದ ಅಧ್ಯಾಪಕರಿಗೆ ಫೋಟೋ ತೋರಿಸಿ, ಅವರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಿ. ಯಾರೂ ಓದದ ಒಂದು ಹೊಸ ಶಾಸನ ನಿಮ್ಮ ಊರಿನಲ್ಲಿಯೇ ಇರಬಹುದು.